ಬಾರದವರ ಲೆಕ್ಕ

ಮೂರು ತಿಂಗಳ ಹಿಂದಿನ ಮಾತು. ಸೋಮವಾರ ಬೆಳಿಗ್ಗೆ, ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕ್ಯಾಬ್ ಎಂದಿನಂತೆ ನಿಂತಿತ್ತು. ಫೋನಿಗೊಂದು ಮೇಲ್ ಬಂತು. ಆಫೀಸಿನದಲ್ಲ, ನಾನು ರಾತ್ರಿ ಮತ್ತು ವೀಕೆಂಡ್‌ಗಳಲ್ಲಿ ಕೆಲಸ ಮಾಡುವ ಒಂದು ಸಣ್ಣ ಓಪನ್ ಸೋರ್ಸ್ ಪ್ರಾಜೆಕ್ಟಿನದು. ಪಿಡಿಎಫ್ ಫೈಲುಗಳಿಂದ ಅಕ್ಷರಗಳನ್ನು ಹೊರತೆಗೆಯುವ ಲೈಬ್ರರಿ ಅದು. ಮೇಲಿನ ಸಾರಾಂಶ ಇಷ್ಟು: ಇನ್ನು ಮುಂದೆ ನಮ್ಮ ಡೆವಲಪರ್ ಲಿಸ್ಟಿಗೆ ಕಮಿಟರ್‌ಗಳು ಮಾತ್ರ ಬರೆಯಬಹುದು. ಉಳಿದವರು ಓದಬಹುದು, ಬರೆಯುವ ಹಾಗಿಲ್ಲ. ಒಪ್ಪಿಗೆಯಿದ್ದರೆ +1, ಇಲ್ಲದಿದ್ದರೆ -1. ಒಂಬತ್ತು ಜನ ವೋಟು ಹಾಕಬೇಕು, ಒಂದು ವಾರ ಟೈಮ್.

ಅಲ್ಲೇ ಕ್ಯಾಬಿನಲ್ಲೇ +1 ಅಂತ ಟೈಪ್ ಮಾಡಿದೆ. ಆಮೇಲೆ, ಬರೀ ನಂಬರ್ ಕಳಿಸಿದರೆ ಚೆನ್ನಾಗಿರಲ್ಲ, ಆಫೀಸಿಗೆ ಹೋಗಿ ಎರಡು ಸಾಲು ಕಾರಣ ಸೇರಿಸಿ ಕಳಿಸೋಣ ಅಂತ ಡ್ರಾಫ್ಟಿನಲ್ಲಿಟ್ಟೆ. ಆ ಎರಡು ಸಾಲು ಬರೆಯೋಕೆ ಕೂತಾಗಲೇ ತೊಂದರೆ ಶುರುವಾಗಿದ್ದು.

ಮೇಲಿಂಗ್ ಲಿಸ್ಟ್ ಅಂದರೆ ಏನು ಅಂತ ವಾಟ್ಸಾಪ್ ಕಾಲದಲ್ಲಿ ಸ್ವಲ್ಪ ಹೇಳಬೇಕು. ಒಂದು ಇಮೇಲ್ ವಿಳಾಸ. ಅದಕ್ಕೆ ಯಾರು ಬರೆದರೂ ಸದಸ್ಯರೆಲ್ಲರ ಇನ್‌ಬಾಕ್ಸಿಗೆ ಹೋಗುತ್ತೆ, ಆರ್ಕೈವಿನಲ್ಲಿ ಉಳಿಯುತ್ತೆ. ನೋಡೋಕೆ ತೀರಾ ಹಳೇ ಕಾಲದ್ದು. ಆದರೆ ಜಗತ್ತಿನ ಎಷ್ಟೋ ದೊಡ್ಡ ಸಾಫ್ಟ್‌ವೇರುಗಳ ತೀರ್ಮಾನಗಳು ಆಗಿರುವುದು ಇಂಥ ಕಡೆಯೇ. ಲಿನಕ್ಸ್ ಕರ್ನಲ್ ಲಿಸ್ಟಿಗೆ ಇವತ್ತಿಗೂ ಯಾರು ಬೇಕಾದರೂ ಬರೆಯಬಹುದು, ಸದಸ್ಯರಾಗಿರಬೇಕು ಅಂತಲೂ ಇಲ್ಲ. ಪೈಥಾನಿನವರು ಇನ್ನೊಂದು ದಾರಿ ಹಿಡಿದಿದ್ದರು. ಐಡಿಯಾ, ಚರ್ಚೆ, ಜಗಳಗಳಿಗೆ ತೆರೆದ ಲಿಸ್ಟುಗಳು, ಅದರ ಜೊತೆಗೆ ಕಮಿಟರ್‌ಗಳದ್ದೇ ಒಂದು ಬೇರೆ ಲಿಸ್ಟು. ಅದನ್ನು ಲೋಕವೆಲ್ಲ ಓದಬಹುದು, ಬರೆಯುವವರು ಮಾತ್ರ ಒಳಗಿನವರು. ಪೈಥಾನ್ ಹುಟ್ಟಿಸಿದ ಗೈಡೊ ವಾನ್ ರೋಸಮ್ 2018ರ ಜುಲೈ 12ರಂದು, ಇನ್ನು ತೀರ್ಮಾನ ಮಾಡುವ ಸ್ಥಾನದಲ್ಲಿ ನಾನಿರಲ್ಲ ಅಂತ ಬರೆದದ್ದು ಈ ಒಳಗಿನ ಲಿಸ್ಟಿಗೆ. := ಅನ್ನೋ ಎರಡು ಚುಕ್ಕಿ, ಎರಡು ಗೆರೆಯ ಚಿಹ್ನೆಯನ್ನು ಭಾಷೆಗೆ ಸೇರಿಸೋದರ ಬಗ್ಗೆ ನಡೆದ ಜಗಳ ಅವರನ್ನು ಅಷ್ಟು ಸುಸ್ತು ಮಾಡಿತ್ತು. ಸುಸ್ತಾದ ಮನುಷ್ಯ ದೊಡ್ಡ ಹಾಲ್ ಬಿಟ್ಟು ಸಣ್ಣ ರೂಮಿಗೆ ಹೋಗಿ ಮಾತಾಡ್ತಾನೆ. ಅದರಲ್ಲಿ ತಪ್ಪು ಹುಡುಕೋದು ಕಷ್ಟ.

ನಮ್ಮ ಲಿಸ್ಟಿನ ಸ್ಥಿತಿಯೂ ಹಾಗೇ ಆಗಿತ್ತು. ಒಂಬತ್ತು ಜನರಲ್ಲಿ ಒಬ್ಬರಿಗೂ ಇದಕ್ಕೆ ಸಂಬಳ ಇಲ್ಲ. ಬೆಳಿಗ್ಗೆ ಎದ್ದರೆ ಲಿಸ್ಟಿನ ತುಂಬ "ನಿಮ್ಮ ಪ್ರಾಜೆಕ್ಟಿನಲ್ಲಿ ಗಂಭೀರ ಭದ್ರತಾ ಲೋಪ ಕಂಡಿದೆ" ಅನ್ನುವ ಮೇಲುಗಳು. ಓದಿದರೆ ಗಾಬರಿಯಾಗಬೇಕು, ಹಾಗಿರುತ್ತೆ. ಒಂದೊಂದನ್ನೂ ಪರೀಕ್ಷೆ ಮಾಡೋಕೆ ಒಂದು ಸಂಜೆ ಬೇಕು. ಮಾಡಿ ನೋಡಿದರೆ ಅಲ್ಲಿ ಹೇಳಿರೋ ಫಂಕ್ಷನ್ನೇ ನಮ್ಮ ಕೋಡಿನಲ್ಲಿ ಇರಲ್ಲ! ಯಾರೋ ಎಐಗೆ ನಮ್ಮ ಕೋಡು ತಿನ್ನಿಸಿ, ಅದು ಕಕ್ಕಿದ್ದನ್ನು ಓದದೇ ಕಳಿಸಿರುತ್ತಾರೆ. ಕಳಿಸೋಕೆ ಅರ್ಧ ನಿಮಿಷ, ಸುಳ್ಳು ಅಂತ ತೋರಿಸೋಕೆ ಮೂರು ಗಂಟೆ. ಒಟ್ಟು ಸಮಸ್ಯೆ ಇರೋದೇ ಈ ಲೆಕ್ಕದಲ್ಲಿ.

ಇದು ನಮ್ಮೊಬ್ಬರ ಗೋಳಲ್ಲ. ನಿಮ್ಮ ಫೋನು, ಕಾರು, ಟೀವಿಗಳ ಒಳಗೆಲ್ಲ ಕೂತಿರುವ ಕರ್ಲ್ ಅನ್ನೋ ಪ್ರಾಜೆಕ್ಟ್ ಇದೆ. ಅದನ್ನು 1998ರಿಂದ ನೋಡಿಕೊಂಡು ಬಂದಿರುವ ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್, ಭದ್ರತಾ ಲೋಪ ಹುಡುಕಿದವರಿಗೆ ಹಣ ಕೊಡುವ ಯೋಜನೆಯನ್ನು 2026ರ ಜನವರಿ ಕೊನೆಗೆ ನಿಲ್ಲಿಸಿದರು. ಕಾರಣ ಇದೇ ಕಸ. ಹಣದಾಸೆಗೆ ಬರುವವರನ್ನು ತಡೆದರೆ ಹೊರೆಯಾದರೂ ಇಳಿಯಲಿ ಅಂತ.

ಕಸ ಎಐ ಜೊತೆಗೇ ಹುಟ್ಟಿದ್ದು ಅಂತಲೂ ಅಲ್ಲ. 2020ರ ಅಕ್ಟೋಬರಿನಲ್ಲಿ ಹ್ಯಾಕ್ಟೋಬರ್‌ಫೆಸ್ಟ್ ನಡೆಯಿತು. ನಾಲ್ಕು ಪುಲ್ ರಿಕ್ವೆಸ್ಟ್ ಮಾಡಿದರೆ ಒಂದು ಟೀಶರ್ಟ್. ಯೂಟ್ಯೂಬಿನಲ್ಲಿ ಯಾರೋ ತೋರಿಸಿಕೊಟ್ಟರು, ನಮ್ಮ ದೇಶದ ಸಾವಿರಾರು ಹುಡುಗರು ಕಂಡಕಂಡ ಪ್ರಾಜೆಕ್ಟಿನ ರೀಡ್‌ಮಿ ಫೈಲಿಗೆ ಒಂದು ವಿಶೇಷಣ ಸೇರಿಸಿ ಕಳಿಸಿದರು. ಕೊನೆಗೆ ಹಬ್ಬ ಮುಗಿಯೋ ಮುಂಚೆಯೇ ನಿಯಮ ಬದಲಾಗಿ, ಬೇಕು ಅಂದ ಪ್ರಾಜೆಕ್ಟುಗಳಿಗೆ ಮಾತ್ರ ಅಂತಾಯಿತು. 2024ರ ಶುರುವಿನಲ್ಲಿ ಎಕ್ಸ್‌ಪ್ರೆಸ್ ಜೆಎಸ್‌ಗೆ ಅದೇ ಗತಿ. ಗಿಟ್ ಕಲಿಸುವ ವೀಡಿಯೊ ನೋಡಿದವರು ತಮ್ಮ ಹೆಸರನ್ನು ಅದರ ರೀಡ್‌ಮಿಗೆ ಸೇರಿಸಿ ಎಂದು ಪುಲ್ ರಿಕ್ವೆಸ್ಟ್ ಕಳಿಸಿದ್ದೇ ಕಳಿಸಿದ್ದು. ಟ್ವಿಟರಿನಲ್ಲಿ ಇಡೀ ಜಗತ್ತು ನಕ್ಕಿತು, ನಾನೂ ನಕ್ಕೆ. ಆಮೇಲೆ ಆ ಹೆಸರುಗಳನ್ನು ಒಂದೊಂದೇ ಓದುತ್ತಾ ಹೋದಾಗ ನಗು ನಿಂತಿತು. ಎಲ್ಲಾ ನನ್ನ ಹಾಗಿನವರೇ. ಲ್ಯಾಬ್ ಎಕ್ಸಾಮಿನಲ್ಲಿ ರೆಕಾರ್ಡಿನಲ್ಲಿದ್ದ ಪ್ರೋಗ್ರಾಮನ್ನು ಅರ್ಥವಾಗದಿದ್ದರೂ ಬಾಯಿಪಾಠ ಮಾಡಿ ಬರೆದವನು ನಾನು. ಮೇಷ್ಟ್ರು ತೋರಿಸಿದ್ದನ್ನು ಹಾಗೇ ಮಾಡೋದು ಕಲಿಕೆ ಅಂತ ಹೇಳಿಕೊಟ್ಟವರು ನಾವೇ ತಾನೆ?

ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಗೆಳೆಯನಿಗೆ ಊಟದ ಹೊತ್ತಿನಲ್ಲಿ ಈ ವೋಟಿನ ಕತೆ ಹೇಳಿದೆ. ಅವನು ಮೊಸರನ್ನ ಕಲಸುತ್ತಾ ಒಂದೇ ಮಾತಿನಲ್ಲಿ ಮುಗಿಸಿದ. "ಲೈಸೆನ್ಸ್ ಓದಿದೀಯೇನೋ? ಬಳಸಬಹುದು, ಓದಬಹುದು, ಬದಲಾಯಿಸಬಹುದು, ಹಂಚಬಹುದು. ನನ್ನ ಮಾತು ಕೇಳಲೇಬೇಕು ಅಂತ ಎಲ್ಲಾದ್ರೂ ಇದೆಯಾ?"

ಇಲ್ಲ, ಖಂಡಿತಾ ಇಲ್ಲ. ಎಸ್‌ಕ್ಯೂಲೈಟ್ ಇದಕ್ಕೆ ಒಳ್ಳೇ ಉದಾಹರಣೆ. ನಿಮ್ಮ ಫೋನಿನ ಪ್ರತಿಯೊಂದು ಆ್ಯಪಿನ ಹಿಂದೆಯೂ ಹೆಚ್ಚೂಕಮ್ಮಿ ಅದಿದೆ. ಅದರ ಕೋಡಿಗೆ ಲೈಸೆನ್ಸೇ ಇಲ್ಲ, ಅದು ಸಾರ್ವಜನಿಕ ಸ್ವತ್ತು, ಯಾರು ಏನು ಬೇಕಾದರೂ ಮಾಡಿಕೊಳ್ಳಬಹುದು. ಆದರೆ ಹೊರಗಿನವರು ಬರೆದ ಕೋಡನ್ನು ಅವರು ತಗೊಳ್ಳಲ್ಲ. ಓಪನ್ ಸೋರ್ಸ್ ಹೌದು, ಓಪನ್ ಕಾಂಟ್ರಿಬ್ಯೂಷನ್ ಅಲ್ಲ ಅಂತ ನೇರವಾಗಿ ಹೇಳಿಕೊಂಡಿದ್ದಾರೆ. ಬೆರಳೆಣಿಕೆಯ ಜನ ಸೇರಿ ಅಷ್ಟು ಗಟ್ಟಿಯಾದ ವಸ್ತು ಕೊಟ್ಟಿದ್ದಾರೆ. ಅವರನ್ನು ಜಿಪುಣರು ಅನ್ನೋಕೆ ನನಗೆ ಬಾಯಿ ಬರಲ್ಲ.

ಆದರೆ ಗೆಳೆಯನ ಮಾತಿನಲ್ಲಿ ಏನೋ ಒಂದು ಕಮ್ಮಿ ಇದೆ ಅಂತ ಅನ್ನಿಸುತ್ತಲೇ ಇತ್ತು. ಹಕ್ಕು ಇಲ್ಲ ಅನ್ನೋದು ಮಾತಿನ ಅರ್ಧ. ಹಕ್ಕು ಇಲ್ಲದವರ ಬಗ್ಗೆಯೂ ನಮಗೆ ಜವಾಬ್ದಾರಿ ಇರಬಹುದಲ್ಲ? ನಮ್ಮೂರಲ್ಲಿ ಬಾಗಿಲಿಗೆ ಬಂದವರಿಗೆ ನೀರು ಕೇಳುವ ಹಕ್ಕು ಯಾವ ಕಾನೂನಿನಲ್ಲಿತ್ತು? ಹಾಗಂತ ಯಾರೂ ನೀರು ಕೊಡದೇ ಕಳಿಸಿದ್ದಿಲ್ಲ.

ಲಾಭನಷ್ಟದ ಲೆಕ್ಕದಲ್ಲೇ ನೋಡಿದರೂ ಮುಚ್ಚಿದ ಬಾಗಿಲಿಗೆ ಬೆಲೆ ಇದೆ. ಜಿಸಿಸಿ ಕಂಪೈಲರಿನ ಕತೆ ಅದು. ತೊಂಬತ್ತರ ದಶಕದಲ್ಲಿ ಅದರ ಕೆಲಸ ಕೆಲವೇ ಜನರ ಕೈಯಲ್ಲಿತ್ತು, ಹೊರಗಿನವರ ಪ್ಯಾಚುಗಳು ಕಾದು ಕಾದು ಸೊರಗುತ್ತಿದ್ದವು. 1997ರಲ್ಲಿ ಒಂದಷ್ಟು ಜನ ಬೇಸತ್ತು ಇಜಿಸಿಎಸ್ ಅನ್ನುವ ಹೆಸರಿನಲ್ಲಿ ಬೇರೆ ಒಲೆ ಹೂಡಿದರು, ತೆರೆದ ಬಾಗಿಲಿನ ಒಲೆ. ಎರಡೇ ವರ್ಷ, 1999ರಲ್ಲಿ ಆ ಹೊಸ ಒಲೆಯನ್ನೇ ಅಧಿಕೃತ ಜಿಸಿಸಿ ಅಂತ ಒಪ್ಪಬೇಕಾಯಿತು. ಅದಕ್ಕೂ ಮುಂಚೆ, 1991ರ ಆಗಸ್ಟಿನಲ್ಲಿ, ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿಯೊಬ್ಬ ಮಿನಿಕ್ಸ್ ಬಳಕೆದಾರರ ನ್ಯೂಸ್‌ಗ್ರೂಪಿನಲ್ಲಿ, ನಾನೊಂದು ಆಪರೇಟಿಂಗ್ ಸಿಸ್ಟಮ್ ಮಾಡ್ತಿದೀನಿ, ಬರೀ ಹವ್ಯಾಸಕ್ಕೆ ಅನ್ನೋ ಅರ್ಥದಲ್ಲಿ ಬರೆದ. ಮಿನಿಕ್ಸ್ ಬರೆದವರು ಪ್ರೊಫೆಸರ್ ಟ್ಯಾನೆನ್‌ಬಾಮ್. ಆ ಜಾಗದಲ್ಲಿ ಬರೆಯೋಕೆ ಪ್ರೊಫೆಸರ್ ಒಪ್ಪಿಗೆ ಬೇಕು ಅಂತೇನಾದರೂ ಇದ್ದಿದ್ದರೆ? ಲಿನಸ್ ಹೇಗೋ ಇನ್ನೊಂದು ಕಡೆ ಬರೆಯುತ್ತಿದ್ದನೇನೋ. ಆದರೂ ಯೋಚಿಸಬೇಕಾದ ಮಾತು.

ಇನ್ನೊಂದು ವಾದ ಭದ್ರತೆಯದ್ದು. ಚರ್ಚೆಯಲ್ಲಿ ಒಬ್ಬರು ಎಕ್ಸ್‌ಝಡ್ ಹೆಸರೆತ್ತಿದರು. ಐಟಿಯಲ್ಲಿ ಇರುವವರಿಗೆ ಗೊತ್ತಿರುತ್ತೆ, ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳ್ತೀನಿ. ಎಕ್ಸ್‌ಝಡ್ ಅನ್ನೋದು ಫೈಲ್ ಕುಗ್ಗಿಸುವ ಒಂದು ಪುಟ್ಟ ಸಾಧನ. ಫಿನ್ಲೆಂಡಿನ ಲಾಸ್ಸೆ ಕೊಲಿನ್ ಒಬ್ಬರೇ, ಸಂಬಳವಿಲ್ಲದೆ, ವರ್ಷಗಟ್ಟಲೆ ನೋಡಿಕೊಳ್ಳುತ್ತಿದ್ದರು. 2022ರಲ್ಲಿ ಅದರ ಲಿಸ್ಟಿಗೆ ಹಿಂದೆಮುಂದೆ ಗೊತ್ತಿಲ್ಲದ ಒಂದೆರಡು ಹೆಸರುಗಳು ಬಂದು ಸೇರಿ, ಯಾಕೆ ಇಷ್ಟು ನಿಧಾನ, ಬೇರೆಯವರಿಗೆ ಬಿಟ್ಟುಕೊಡಬಾರದೇ ಅಂತ ಪೀಡಿಸತೊಡಗಿದವು. ಕೊಲಿನ್ ತಮ್ಮ ಮಾನಸಿಕ ಆರೋಗ್ಯ ಸರಿಯಿಲ್ಲ, ಇದು ಹವ್ಯಾಸದ ಕೆಲಸ ಅಂತ ಅಲ್ಲೇ, ಎಲ್ಲರೆದುರು ಬರೆಯಬೇಕಾಯಿತು. ಅದನ್ನು ಆರ್ಕೈವಿನಲ್ಲಿ ಓದಿದರೆ ಈಗಲೂ ಹೊಟ್ಟೆ ಹಿಂಡುತ್ತೆ. ಅದೇ ಹೊತ್ತಿಗೆ ಜಿಯಾ ಟಾನ್ ಅನ್ನುವ ಹೆಸರಿನ ಒಬ್ಬ ಒಳ್ಳೇ ಸಹಾಯಕ ಜೊತೆಗಿದ್ದ. ಅವನ ಕೈಗೆ ಕೀಲಿ ಹೋಯಿತು. 2024ರ ಫೆಬ್ರವರಿ, ಮಾರ್ಚಿನಲ್ಲಿ ಬಂದ 5.6.0 ಮತ್ತು 5.6.1ರಲ್ಲಿ ಹಿಂಬಾಗಿಲು ಕೂರಿಸಿದ. ತನ್ನ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ತಡವಾಗ್ತಿದೆಯಲ್ಲ ಅಂತ ತಲೆಕೆಡಿಸಿಕೊಂಡ ಆಂಡ್ರೆಸ್ ಫ್ರೊಯಿಂಡ್ ಅನ್ನುವ ಎಂಜಿನಿಯರ್ ಮಾರ್ಚ್ 29ರಂದು ಅದನ್ನು ಬಯಲಿಗೆಳೆಯದಿದ್ದರೆ ಏನಾಗ್ತಿತ್ತೋ!

ನೋಡಿ, ತೆರೆದ ಲಿಸ್ಟ್ ಎಷ್ಟು ಅಪಾಯ ಅಂತ ಅವರ ವಾದ. ಪೀಡಿಸಿದ ದನಿಗಳನ್ನು ಬಾಗಿಲು ತಡೆಯುತ್ತಿತ್ತು, ಒಪ್ಪುತ್ತೇನೆ. ಆದರೆ ಜಿಯಾ ಟಾನನನ್ನು? ಅವನು ಎರಡು ವರ್ಷ ತಾಳ್ಮೆಯಿಂದ, ವಿನಯದಿಂದ, ನಿಜವಾಗಿಯೂ ಉಪಯೋಗವಾಗುವ ಕೋಡು ಬರೆದವನು. ನಾವು ಎಂಥ ಬಾಗಿಲು ಇಟ್ಟರೂ ಮೊದಲು ಒಳಗೆ ಬರುವವನು ಅವನೇ. ಹೊಸ್ತಿಲಲ್ಲಿ ಎಡವುವವನು ಬೇರೆ.

ಆ ಎಡವುವವನ ಬಗ್ಗೆ ನನಗೆ ಗೊತ್ತು, ಯಾಕೆಂದರೆ 2012ರಲ್ಲಿ ಅವನು ನಾನೇ ಆಗಿದ್ದೆ.

ಆರನೇ ಸೆಮಿಸ್ಟರ್. ಪ್ರಾಜೆಕ್ಟಿಗೆ ಅಂತ ಕನ್ನಡದ ಸರ್ಕಾರಿ ಆದೇಶಗಳ ಪಿಡಿಎಫ್‌ನಿಂದ ಪದ ಹುಡುಕುವ ಪ್ರೋಗ್ರಾಮ್ ಮಾಡ್ತಿದ್ದೆ. ಈ ಲೈಬ್ರರಿಗೆ ಪಿಡಿಎಫ್ ಕೊಟ್ಟರೆ 'ಕಾರ್ಯ' ಅನ್ನೋದು 'ಕಾಯ೯' ಅಂತ ಬರುತ್ತಿತ್ತು. 'ಸರ್ಕಾರ' ಹೋಗಿ 'ಸಕಾ೯ರ'. ಅರ್ಕಾವತ್ತು ಬರೆಯೋವಾಗ ಅಕ್ಷರದ ಬಲಕ್ಕೆ ಬರುತ್ತೆ, ಆದರೆ ಉಚ್ಚಾರಣೆಯಲ್ಲಿ, ಯೂನಿಕೋಡಿನಲ್ಲಿ ರಕಾರ ಮೊದಲು. ಕಣ್ಣಿಗೆ ಕಂಡ ಕ್ರಮದಲ್ಲೇ ಕಿತ್ತು ಹಾಕಿದರೆ ಹೀಗಾಗುತ್ತೆ. ಇದನ್ನೆಲ್ಲ ಈಗ ಹೇಳ್ತಿದೀನಿ, ಆಗ ಇದ್ಯಾವುದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ನಾನು ಕೊಟ್ಟದ್ದು ಒಂದು, ಬಂದದ್ದು ಇನ್ನೊಂದು, ರಿವ್ಯೂಗೆ ನಾಲ್ಕು ದಿನ ಉಳಿದಿದೆ.

ಬಸ್‌ಸ್ಟ್ಯಾಂಡ್ ಹತ್ತಿರದ ಸೈಬರ್ ಕೆಫೆಯಲ್ಲಿ ಕೂತು ಲಿಸ್ಟಿಗೆ ಬರೆದೆ. ಆ ಮೇಲ್ ಆರ್ಕೈವಿನಲ್ಲಿ ಈಗಲೂ ಇದೆ, ಮೊನ್ನೆ ಹುಡುಕಿ ಓದಿದೆ. 'ರೆಸ್ಪೆಕ್ಟೆಡ್ ಸರ್' ಅಂತ ಶುರು. ಅರ್ಧ ಮೇಲ್ ದೊಡ್ಡಕ್ಷರದಲ್ಲಿದೆ. ನಾನು ಯಾವ ಕಾಲೇಜು, ಯಾವ ಸೆಮಿಸ್ಟರ್, ನಮ್ಮ ಎಚ್‌ಒಡಿ ಎಷ್ಟು ಸ್ಟ್ರಿಕ್ಟ್ ಅಂತೆಲ್ಲ ಇದೆ. ತೊಂದರೆ ಏನು ಅನ್ನೋದು ಮಾತ್ರ ಇಲ್ಲ. ಕೊನೆಗೆ 'ಕೈಂಡ್ಲಿ ಡೂ ದ ನೀಡ್‌ಫುಲ್, ಅರ್ಜೆಂಟ್' ಅಂತ, ಮೂರು ಆಶ್ಚರ್ಯಸೂಚಕ ಚಿಹ್ನೆ ಬೇರೆ. ಇಂಥದ್ದು ಇವತ್ತು ನನಗೆ ಬಂದರೆ ಪೂರ್ತಿ ಓದ್ತೀನಾ? ಇಲ್ಲ ಅಂತ ಪ್ರಾಮಾಣಿಕವಾಗಿ ಹೇಳ್ತೀನಿ.

ಮಾರನೇ ದಿನ ಜರ್ಮನಿಯಿಂದ ಒಬ್ಬರು ಉತ್ತರ ಬರೆದಿದ್ದರು. ಮೂರು ಪ್ರಶ್ನೆ. ಯಾವ ವರ್ಷನ್? ಯಾವ ಕಮಾಂಡ್ ಕೊಟ್ಟೆ? ಏನು ಬರಬೇಕಿತ್ತು, ಏನು ಬಂತು? ಕೊನೆಯಲ್ಲಿ ಒಂದು ಸಾಲು, ಎಲ್ಲಾ ದೊಡ್ಡಕ್ಷರದಲ್ಲಿ ಬರೆದರೆ ಕಿರುಚಿದ ಹಾಗೆ ಕೇಳುತ್ತೆ ಅಂತ. ನಾಚಿಕೆಯಾಯಿತು, ಆದರೆ ಉತ್ತರ ಬರೆದೆ. ಅವರಿಗೆ ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ. ಯಾವುದು ಸರಿ, ಯಾವುದು ತಪ್ಪು ಅಂತ ನಾನು ಚಿತ್ರ ಬಿಡಿಸಿ ಹೇಳಬೇಕಿತ್ತು. ಹದಿನೈದು ದಿನ ಮೇಲ್ ಓಡಾಡಿತು. ರಿವ್ಯೂ ಹೇಗೋ ಮುಗಿದುಹೋಗಿತ್ತು, ನಾವಿಬ್ಬರೂ ಬಿಡಲಿಲ್ಲ. ಕೊನೆಗೆ ಅವರು ತೋರಿಸಿದ ಜಾಗದಲ್ಲಿ ನಾನು ಹನ್ನೊಂದು ಸಾಲಿನ ಪ್ಯಾಚ್ ಹಾಕಿದೆ. ಮೊದಲ ಕೆಲಸದ ಇಂಟರ್‌ವ್ಯೂನಲ್ಲಿ ಅರ್ಧ ಗಂಟೆ ಮಾತಾಡಿದ್ದು ಆ ಹನ್ನೊಂದು ಸಾಲಿನ ಬಗ್ಗೆಯೇ.

ಈಗ ಬಾಗಿಲು ಹಾಕೋಣ ಅಂತ ಪ್ರಸ್ತಾಪ ಇಟ್ಟವರು ಅವರೇ.

ಹಾಗಾಗಿ ಇದು ಒಳ್ಳೆಯವರು, ಕೆಟ್ಟವರ ಜಗಳ ಆಗೋಕೆ ಸಾಧ್ಯವೇ ಇರಲಿಲ್ಲ. ನನಗೆ ಬಾಗಿಲು ತೆಗೆದವರು ದಣಿದು, ಸಾಕಪ್ಪಾ, ಮುಚ್ಚೋಣ ಅಂತಿದ್ದಾರೆ. ಅವರಿಗೆ ಬೇಡ ಅನ್ನೋಕೆ ನನಗೇನು ಯೋಗ್ಯತೆ? ಅವರ ಹದಿನೈದು ದಿನಗಳನ್ನು ತಿಂದು ಬೆಳೆದವನು ನಾನು. ನನ್ನಂಥವರ ದೆಸೆಯಿಂದಲೇ ಅವರು ದಣಿದದ್ದು ಅಂತಲೂ ಹೇಳಬಹುದು.

ಎರಡು ರಾತ್ರಿ ಇದೇ ತಲೆಯಲ್ಲಿ. ಆಗ ನೆನಪಾದದ್ದು ನಮ್ಮೂರ ಅರಳಿಕಟ್ಟೆ.

ಗುಬ್ಬಿ ಕಡೆಯ ಹಳ್ಳಿ ನಮ್ಮದು. ಸಂಜೆಯಾದರೆ ಕಟ್ಟೆ ಮೇಲೆ ಎಲ್ಲರೂ. ಕೊಬ್ಬರಿ ರೇಟು, ಕೆರೆ ನೀರು, ಎಲೆಕ್ಷನ್ನು, ಊರಿನ ಎಲ್ಲಾ ತೀರ್ಮಾನಕ್ಕೂ ಶುರು ಅಲ್ಲೇ. ಊರಿನ ಕಟ್ಟೆ, ಎಲ್ಲರದ್ದು ಅಂತ ನಾನು ನಂಬಿಕೊಂಡಿದ್ದೆ. ಏಳನೇ ಕ್ಲಾಸಿನಲ್ಲಿದ್ದಾಗ ಒಮ್ಮೆ ತಾತನನ್ನು ಕೇಳಿದೆ, ಕಾಲೋನಿಯವರು ಯಾಕೆ ಕಟ್ಟೆ ಮೇಲೆ ಕೂರಲ್ಲ ಅಂತ. ತಾತ ಕೆಟ್ಟವನಲ್ಲ. ಬೀಡಿ ಹಚ್ಚುತ್ತಾ ಹೇಳಿದ, "ಯಾರ್ಲಾ ಬ್ಯಾಡ ಅಂದೋರು? ಅವರೇ ಬರಲ್ಲ."

ಒಂದು ಮೇಲಿಂಗ್ ಲಿಸ್ಟನ್ನು ಜಾತಿಯ ಪಕ್ಕದಲ್ಲಿಟ್ಟು ತೂಗುವುದು ತಪ್ಪು, ಅದು ನನಗೆ ಗೊತ್ತು. ತಲೆಮಾರುಗಳ ಅವಮಾನ ಎಲ್ಲಿ, ಒಂದು ಇಮೇಲ್ ಎಲ್ಲಿ. ನಾನು ಅಲ್ಲಿಂದ ತಗೊಳ್ಳೋದು ತಾತನ ಆ ಕೊನೆಯ ಮಾತೊಂದನ್ನೇ. ಒಳಗೆ ಕೂತವರಿಗೆ ಹೊರಗೆ ನಿಂತವರು ಕಾಣಲ್ಲ. ಬಂದು ತೊಂದರೆ ಕೊಟ್ಟವರ ಲೆಕ್ಕ ನಮ್ಮ ಹತ್ತಿರ ಪಕ್ಕಾ ಇರುತ್ತೆ: ಇಷ್ಟು ಮೇಲು, ಇಷ್ಟು ಗಂಟೆ, ಇಷ್ಟು ಹಾಳಾದ ಸಂಜೆಗಳು. ಬಾರದೇ ಹೋದವರ ಲೆಕ್ಕ ಯಾವ ಲಾಗ್ ಫೈಲಿನಲ್ಲೂ ಸಿಗಲ್ಲ. ಲಿಸ್ಟ್ ಮುಚ್ಚಿದ ಮಾರನೇ ದಿನ ಇನ್‌ಬಾಕ್ಸ್ ಶಾಂತವಾಗಿರುತ್ತೆ. ಒಳ್ಳೇ ಕೆಲಸ ಮಾಡಿದೆವು ಅನ್ನಿಸುತ್ತೆ. ಹತ್ತು ವರ್ಷ ಬಿಟ್ಟು ನೋಡಿದರೂ ಅದು ತಪ್ಪು ಅನ್ನೋಕೆ ಒಂದೇ ಒಂದು ಸಾಕ್ಷಿ ಸಿಗಲ್ಲ. 2012ರಲ್ಲಿ ನನ್ನ ಮೇಲ್ ವಾಪಸ್ ಬಂದಿದ್ದರೆ ನಾನೇನು ಧರಣಿ ಕೂರುತ್ತಿದ್ದೆನಾ? ಇದು ನಮ್ಮಂಥವರಿಗಲ್ಲ ಅಂತ ಸೈಬರ್ ಕೆಫೆಯವನಿಗೆ ದುಡ್ಡು ಕೊಟ್ಟು ಎದ್ದು ಹೋಗುತ್ತಿದ್ದೆ. 'ಕಾಯ೯' ಹಾಗೇ ಉಳಿಯುತ್ತಿತ್ತು. ಒಳಗಿದ್ದ ಯಾರಿಗೂ ಕನ್ನಡ ಬರುತ್ತಿರಲಿಲ್ಲವಾದ್ದರಿಂದ ಅದು ತಪ್ಪು ಅಂತ ಕೂಡ ಯಾರಿಗೂ ತಿಳಿಯುತ್ತಿರಲಿಲ್ಲ.

ಇನ್ನೊಂದು ವಿಚಿತ್ರ ಈಗ ಸೇರಿಕೊಂಡಿದೆ. ನನ್ನ ಕಾಲದಲ್ಲಿ ಕೆಟ್ಟ ಇಂಗ್ಲಿಷ್ ಅಂದರೆ ಹೊರಗಿನವನು ಅಂತ ಗುರುತು. ಆದರೆ ಅದು ಮನುಷ್ಯ ಬರೆದದ್ದು ಅಂತ ಗ್ಯಾರಂಟಿ ಇತ್ತು. ಈಗ ತಿರುವುಮುರುವು. ಸ್ವಚ್ಛ ವ್ಯಾಕರಣ, ದಪ್ಪಕ್ಷರದ ತಲೆಬರಹ, ಸಾಲಿಗೊಂದು ಚುಕ್ಕಿ, ನಡುವೆ ಒಂದು ರಾಕೆಟ್ಟಿನ ಚಿತ್ರ ಕಂಡ ತಕ್ಷಣ ನಾವು 'ಎಐ ಕಸ' ಅಂತ ಡಿಲೀಟ್ ಒತ್ತುತ್ತೀವಿ. ಆದರೆ ಇವತ್ತಿನ ಆ ಆರನೇ ಸೆಮಿಸ್ಟರಿನ ಹುಡುಗ ಅಥವಾ ಹುಡುಗಿ ಹೇಗೆ ಬರೀತಾರೆ ಯೋಚಿಸಿ. ನನ್ನ ಇಂಗ್ಲಿಷ್ ನೋಡಿ ನಕ್ಕಾರು ಅನ್ನುವ ಭಯ ಇರುವವರೇ ತಾನೆ ಮೊದಲು ಚಾಟ್‌ಜಿಪಿಟಿಗೆ ಕೊಟ್ಟು, ಇದನ್ನು ಚೆನ್ನಾಗಿ ಬರೆದುಕೊಡು ಅನ್ನೋದು? ನನಗೆ ಆಗ ಅದಿದ್ದಿದ್ದರೆ ಖಂಡಿತಾ ಬಳಸುತ್ತಿದ್ದೆ. ಇಂಗ್ಲಿಷ್ ಚೆನ್ನಾಗಿ ಬರುವವನು ಧೈರ್ಯವಾಗಿ ಎರಡು ಸಾಲು ಗೀಚಿ ಕಳಿಸ್ತಾನೆ, ಅವನನ್ನು ನಾವು ಮನುಷ್ಯ ಅಂತ ನಂಬ್ತೀವಿ. ಹೆದರಿದವನು ಒಳ್ಳೇ ಅಂಗಿ ಬಾಡಿಗೆಗೆ ತಂದು ಹಾಕಿಕೊಂಡು ಬರ್ತಾನೆ, ಅಂಗಿ ನೋಡಿ ಕಳ್ಳ ಅಂತ ಅಟ್ಟುತ್ತೀವಿ.

ಗುರುವಾರ ರಾತ್ರಿ -1 ಹಾಕಿದೆ. ಬರೀ ಬೇಡ ಅಂದರೆ ಸಾಲದು, ದಣಿದವರಿಗೆ ಆದರ್ಶ ಹೇಳೋದು ಸುಲಭ. ಬದಲಿಗೆ ಒಂದು ದಾರಿ ಬರೆದೆ. ಹೊಸದೇನಲ್ಲ, ಮೇಲ್‌ಮ್ಯಾನ್‌ನಂಥ ಲಿಸ್ಟ್ ನಡೆಸುವ ಸಾಫ್ಟ್‌ವೇರಿನಲ್ಲಿ ಮೊದಲಿಂದ ಇರುವ ಸೌಲಭ್ಯ. ಹೊಸಬರ ಮೊದಲ ಮೇಲ್ ನೇರ ಲಿಸ್ಟಿಗೆ ಹೋಗಲ್ಲ, ಒಂದು ಕ್ಯೂನಲ್ಲಿ ನಿಲ್ಲುತ್ತೆ. ಒಬ್ಬರು ಓದಿ, ಮನುಷ್ಯರದ್ದು ಅನ್ನಿಸಿದರೆ ಒಳಗೆ ಬಿಡಬೇಕು. ಒಮ್ಮೆ ಬಿಟ್ಟವರಿಗೆ ಆಮೇಲೆ ತಡೆಯಿಲ್ಲ.

ಅವರ ಉತ್ತರ ಒಂದೇ ಸಾಲು, ಎಂದಿನಂತೆ ಪ್ರಶ್ನೆ. ಆ ಕ್ಯೂ ಮುಂದೆ ಕೂರುವವರು ಯಾರು?

ಭಾನುವಾರ ನಾನು ಕೂರ್ತೀನಿ ಅಂತ ಬರೆದೆ. ಪೋಲೆಂಡಿನವರೊಬ್ಬರು ಬುಧವಾರ ತಗೊಂಡರು, ಬ್ರೆಜಿಲ್ಲಿನವರೊಬ್ಬರು ಶುಕ್ರವಾರ. ಆರು ತಿಂಗಳ ಪ್ರಯೋಗ ಅಂತ ತೀರ್ಮಾನವಾಯಿತು. ಅವರು ಮಾತ್ರ ತಮ್ಮ +1 ಬದಲಾಯಿಸಲಿಲ್ಲ. ಅವರು ಮಾಡಿದ್ದು ತಪ್ಪು ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ. ಹದಿನೈದು ವರ್ಷ ಹೊತ್ತವರು ಇಳಿಸುತ್ತೇನೆ ಅಂದರೆ, ಹೊರದೇ ಇದ್ದವರು ಬೇಡ ಅನ್ನಬಾರದು. ಬೇಡ ಅನ್ನೋದಾದರೆ ಹೆಗಲು ಕೊಟ್ಟು ಅನ್ನಬೇಕು. ನಮ್ಮ ಕಡೆ ಕೆರೆಗೆ ನೀರುಗಂಟಿ ಅಂತ ಇರುತ್ತಿದ್ದ. ನೀರು ಎಲ್ಲರದ್ದೇ, ಆದರೆ ತೂಬು ಎತ್ತೋದು, ಇಳಿಸೋದು, ಕೊನೇ ಗದ್ದೆಗೂ ಮುಟ್ಟಿತಾ ಅಂತ ನಡೆದು ಹೋಗಿ ನೋಡೋದು ಅವನ ಕೆಲಸ. ಅವನಿಲ್ಲದ ಊರಿನಲ್ಲಿ ನೀರು ಮೇಲಿನ ಗದ್ದೆಯವರದ್ದೇ.

ಈ ಕೆಲಸ ಹೇಳಿದಷ್ಟು ಚಂದ ಏನಿಲ್ಲ. ಭಾನುವಾರ ಬೆಳಿಗ್ಗೆ ತಿಂಡಿ ಆದಮೇಲೆ ಲ್ಯಾಪ್‌ಟಾಪ್ ತೆಗೆದರೆ ಹೆಂಡತಿ ಮುಖ ನೋಡಬೇಕು. ಕ್ಯೂನಲ್ಲಿ ಬಹುಪಾಲು ಕಸವೇ. ಎಸ್‌ಇಒ ಮಾರುವವರು, ಇಲ್ಲದ ಫಂಕ್ಷನ್ನಿನಲ್ಲಿ ಲೋಪ ಕಂಡವರು. ಎಷ್ಟೋ ಸಲ ಅವರ ವೋಟೇ ಸರಿ ಅನ್ನಿಸಿಬಿಡುತ್ತೆ. ತಪ್ಪು ಬಿಟ್ಟದ್ದೂ ಇದೆ. ಒಬ್ಬನನ್ನು ಮನುಷ್ಯ ಅಂತ ನಂಬಿ ಒಳಗೆ ಬಿಟ್ಟೆ, ಎರಡೇ ದಿನಕ್ಕೆ ಒಂದೇ ಥರದ ಹದಿನಾಲ್ಕು ಮೇಲ್ ಸುರಿದ. ಪೋಲೆಂಡಿನವರು ಏನೂ ಅನ್ನದೇ ಕ್ಲೀನ್ ಮಾಡಿದರು.

ಎರಡು ವಾರದ ಹಿಂದೆ ಒಂದು ಬಂತು. ಅದೇ ಸ್ವಚ್ಛ ಇಂಗ್ಲಿಷ್, ಅದೇ ದಪ್ಪ ತಲೆಬರಹಗಳು, ರಾಕೆಟ್ ಕೂಡ ಇತ್ತು. ಬೆರಳು ಡಿಸ್‌ಕಾರ್ಡ್ ಮೇಲೆ ಹೋಗಿತ್ತು. ಕೆಳಗೊಂದು ಅಟ್ಯಾಚ್‌ಮೆಂಟ್ ಇದ್ದದ್ದರಿಂದ ತೆರೆದೆ. ಎರಡು ಪುಟದ ಪಿಡಿಎಫ್, ಬರ್ಮಾದ ಲಿಪಿಯಲ್ಲಿ. ಜೊತೆಗೆ ನಮ್ಮ ಲೈಬ್ರರಿ ಅದರಿಂದ ತೆಗೆದ ಅಕ್ಷರಗಳು. ಆ ಲಿಪಿಯಲ್ಲೂ ಕೆಲವು ಸ್ವರಚಿಹ್ನೆಗಳು ಬರೆಯೋವಾಗ ವ್ಯಂಜನದ ಎಡಕ್ಕೆ ಬರುತ್ತವೆ, ಯೂನಿಕೋಡಿನಲ್ಲಿ ವ್ಯಂಜನದ ನಂತರ. ನಮ್ಮ ಅರ್ಕಾವತ್ತಿನ ಉಲ್ಟಾ. ಹಾಗಾಗಿ ತೊಂದರೆ ನಿಜ ಇರಬಹುದು. ಆದರೆ ನನಗೆ ಆ ಲಿಪಿ ಓದೋಕೆ ಬರಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಅರ್ಧ ಗಂಟೆ ನೋಡಿದೆ. ಯಾವುದು ಸರಿ, ಯಾವುದು ತಪ್ಪು ಅಂತ ಗೊತ್ತಾಗಲಿಲ್ಲ.

ಯಾವ ವರ್ಷನ್, ಯಾವ ಕಮಾಂಡ್, ಏನು ಬರಬೇಕಿತ್ತು, ಏನು ಬಂತು ಅಂತ ಕೇಳಿ ಬರೆದೆ. ಸಾಧ್ಯವಾದರೆ ನಿಮ್ಮದೇ ಮಾತಿನಲ್ಲಿ ಬರೆಯಿರಿ, ಇಂಗ್ಲಿಷ್ ಹೇಗಿದ್ದರೂ ಪರವಾಗಿಲ್ಲ ಅಂತ ಒಂದು ಸಾಲು ಸೇರಿಸಿದೆ.

ಇನ್ನೂ ಉತ್ತರ ಬಂದಿಲ್ಲ. ಈ ಭಾನುವಾರವೂ ಅದು ಕ್ಯೂನಲ್ಲೇ ಇತ್ತು. ತೆಗೆದಿಲ್ಲ.